ಬಾಯಲ್ಲಿ ಸೇರು ಇರಲಿ, ಕೈಯಲ್ಲಿ ಮುದ್ರೆ ಹಾಕಿದ ಅಳತೆ ಇರಲಿ

ಮಾನ್ಯ ಸಂಪಾದಕರೇ,

ಅಂಗಡಿಗಳಲ್ಲಿ ಕೆಜಿ, ಲೀಟರ್ ಮಾತ್ರ ಇರಬೇಕಾ, ಇಲ್ಲ ಸೇರು, ಪಾವು, ಮೊಳ, ಮಾರುಗಳಿಗೂ ಜಾಗ ಬೇಕಾ ಅನ್ನುವ ಮಾತು ಆಗಾಗ ಏಳುತ್ತದೆ. ಒಬ್ಬರು ಸೇರು ನಮ್ಮ ಹಿರಿಯರದ್ದು, ಬಿಡಬಾರದು ಅಂತಾರೆ. ಇನ್ನೊಬ್ಬರು ಅದೆಲ್ಲ ಬರೀ ಮೋಸ, ಕಿತ್ತು ಬಿಸಾಕಿ ಅಂತಾರೆ. ನಾನು ಮೈಸೂರಿನಲ್ಲಿ ದಿನಸಿ ಅಂಗಡಿ ಇಟ್ಟುಕೊಂಡವನು, ಬೆಳಗಿಂದ ರಾತ್ರಿವರೆಗೆ ತಕ್ಕಡಿ ಮುಂದೆಯೇ ಇರುತ್ತೇನೆ, ಆದ್ದರಿಂದ ಈ ವಿಷಯ ನನ್ನ ಹೊಟ್ಟೆಪಾಡಿನ ವಿಷಯವೂ ಹೌದು. ನನ್ನ ಮಾತು ಇಷ್ಟೇ. ಗಿರಾಕಿ ಯಾವ ಹೆಸರು ಹಿಡಿದು ಬೇಕಾದರೂ ಕೇಳಲಿ. ಆದರೆ ಬೆಲೆ ಹೇಳಿ ದುಡ್ಡು ಇಸ್ಕೊಳ್ಳುವಾಗ ಅಳತೆ ಗ್ರಾಂನಲ್ಲೋ ಲೀಟರಿನಲ್ಲೋ ಮೀಟರಿನಲ್ಲೋ ಇರಬೇಕು, ಅದನ್ನು ಕೊಳ್ಳುವವರು ತಮ್ಮ ಕಣ್ಣಾರೆ ತಾಳೆ ನೋಡುವಂತಿರಬೇಕು.

ಕಾನೂನಿನಲ್ಲಿ ಈ ವಿಷಯ ಎಂದೋ ಮುಗಿದಿದೆ. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ 2011ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ 11ನೇ ಸೆಕ್ಷನ್ ಪ್ರಕಾರ ಸರ್ಕಾರ ಗೊತ್ತು ಮಾಡಿದ ತೂಕ, ಅಳತೆ, ಎಣಿಕೆ ಬಿಟ್ಟು ಬೇರೆ ಲೆಕ್ಕದಲ್ಲಿ ಬೆಲೆ ಕೂಗುವಂತಿಲ್ಲ, ದರದ ಪಟ್ಟಿ ಹಾಕುವಂತಿಲ್ಲ, ಬಿಲ್ ಕೊಡುವಂತಿಲ್ಲ. ಅಂದರೆ ನಿಂಬೆಹಣ್ಣು ಎಣಿಸಿ ಮಾರಬಹುದು, ಆದರೆ 'ಸೇರಿಗೆ ಇಷ್ಟು' ಅಂತ ಬೋರ್ಡ್ ಬರೆದರೆ ತಪ್ಪು. ಹಾಗಂತ ಬೀದಿಯಲ್ಲಿ ಅದು ನಿಂತಿದೆಯಾ? ಇಲ್ಲ. ಕಡಲೆಪುರಿ ಗಾಡಿಯಲ್ಲಿ ಸೇರು ಇದೆ, ಹೂವಿನ ಬುಟ್ಟಿಯಲ್ಲಿ ಮೊಳ ಇದೆ, ಸಂತೆಯಲ್ಲಿ ಗುಡ್ಡೆ ಇದೆ. ಹೂ ಮಾರುವ ಅಮ್ಮನಿಗೆ ದಂಡ ಹಾಕಿ ಅಂತ ನಾನು ಖಂಡಿತ ಹೇಳುವುದಿಲ್ಲ. ಆದರೆ ಕಾನೂನು ಒಂದು ಕಡೆ, ಬೀದಿ ಒಂದು ಕಡೆ ಅಂತ ಬಿಟ್ಟುಬಿಟ್ಟರೆ ನಷ್ಟ ಆಗುವುದು ಹತ್ತು ರೂಪಾಯಿ, ಇಪ್ಪತ್ತು ರೂಪಾಯಿಗೆ ಕೊಳ್ಳುವವರಿಗೇ.

ಹಳೆಯ ಅಳತೆಯೇ ಚೆಂದ ಅನ್ನುವವರನ್ನು ನಾನು ಕೇಳುವುದು ಒಂದೇ ಪ್ರಶ್ನೆ. ಯಾವ ಸೇರು? ಕಚ್ಚಾ ಸೇರೋ ಸರ್ಕಾರಿ ಸೇರೋ? ಕಚ್ಚಾ ಸೇರು ಅಂದರೆ 24 ಬೆಳ್ಳಿ ರೂಪಾಯಿ ನಾಣ್ಯಗಳ ತೂಕ, ಈಗಿನ ಲೆಕ್ಕದಲ್ಲಿ ಸುಮಾರು 280 ಗ್ರಾಂ. ಬ್ರಿಟಿಷರ ಸರ್ಕಾರಿ ಸೇರು 80 ತೊಲ, ಅಂದರೆ 933 ಗ್ರಾಂ. ಎರಡಕ್ಕೂ ಹೆಸರು ಸೇರೇ, ನಡುವೆ ಮೂರು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ. ಇವೆರಡೂ ತೂಕದ ಸೇರು. ಪಾತ್ರೆಯಲ್ಲಿ ಅಳೆಯುವ ಸೇರು ಬೇರೆಯೇ. 1800-01ರಲ್ಲಿ ಫ್ರಾನ್ಸಿಸ್ ಬುಕನನ್ ಅನ್ನುವ ಇಂಗ್ಲಿಷರ ವೈದ್ಯ ಮೈಸೂರು ಸೀಮೆಯನ್ನೆಲ್ಲ ಸುತ್ತಿದ. ಅವನು ಊರು ಊರಿಗೂ ಅಲ್ಲಿನ ಸೇರು, ಕೊಳಗ, ಖಂಡುಗದ ಲೆಕ್ಕ ಬೇರೆ ಬೇರೆಯಾಗಿ ಬರೆದಿಟ್ಟುಕೊಳ್ಳಬೇಕಾಯಿತು. ಖಂಡುಗಕ್ಕೆ ಇಪ್ಪತ್ತು ಕೊಳಗ ಅನ್ನುವುದೇನೋ ಸರಿ, ಆದರೆ ಆ ಕೊಳಗ ಎಷ್ಟು ದೊಡ್ಡದು ಅನ್ನುವುದು ಊರಿನ ಮೇಲೆ, ಕೆಲವು ಸಲ ಅಳೆಯುವವನ ಮೇಲೆ. ಕಣದಲ್ಲಿ ರಾಗಿ ಅಳೆಯುವಾಗ ಮೊದಲ ಕೊಳಗಕ್ಕೆ 'ಒಂದು' ಅನ್ನದೆ 'ಲಾಭ' ಅಂತ ಶುರು ಮಾಡುವ ಪದ್ಧತಿ ಇತ್ತಲ್ಲ, ಅದು ಎಷ್ಟು ಒಳ್ಳೆಯ ಪದ್ಧತಿ! ಆದರೆ ಕೊಳ್ಳಲು ಬಂದ ಸಾಹುಕಾರ ತನ್ನದೇ ದೊಡ್ಡ ಕೊಳಗ ತಂದರೆ ಆ ಲಾಭ ಯಾರ ಪಾಲಿಗೆ ಹೋಗುತ್ತಿತ್ತು?

ಕರ್ನಾಟಕದವರಿಗೆ ಈ ಕಷ್ಟ ಬೇರೆಯವರಿಗಿಂತ ಜಾಸ್ತಿ ಗೊತ್ತಿರಬೇಕು. 1956ರ ನವೆಂಬರ್ 1ರಂದು ಮೈಸೂರು ಸಂಸ್ಥಾನದ ಜೊತೆಗೆ ಮುಂಬೈ ಕರ್ನಾಟಕ, ಹೈದರಾಬಾದ್ ಕರ್ನಾಟಕ, ಮದ್ರಾಸಿನ ಕೈಲಿದ್ದ ಕರಾವಳಿ, ಕೊಡಗು ಎಲ್ಲ ಒಂದಾದವು. ಭಾಷೆ ಒಂದೇ, ಆದರೆ ಅಳತೆ ಒಂದೊಂದು ಕಡೆ ಒಂದೊಂದು ಥರ. ಎರಡೇ ತಿಂಗಳಲ್ಲಿ, ಅದೇ ವರ್ಷದ ಡಿಸೆಂಬರ್ ಕೊನೆಗೆ, ದೇಶಕ್ಕೆಲ್ಲ ಒಂದೇ ತೂಕ ಅಳತೆಯ ಕಾಯ್ದೆ ಬಂತು. 1957ರ ಏಪ್ರಿಲ್‌ನಲ್ಲಿ ಆಣೆ ಹೋಗಿ ನಯಾಪೈಸೆ ಬಂತು, 1958ರ ಅಕ್ಟೋಬರ್‌ನಿಂದ ಕೆಜಿ ಹಂತ ಹಂತವಾಗಿ ಬಂತು. ಕೆಲವು ವರ್ಷ ಎರಡೂ ಜೊತೆಗೆ ನಡೆದವು. ಆ ಕಾಲದಲ್ಲಿ ನಮ್ಮ ತಂದೆ ಅಂಗಡಿಯಲ್ಲಿ ಸೇರಿನ ಕಲ್ಲು ಒಂದು ಕಡೆ, ಕೆಜಿ ಕಲ್ಲು ಒಂದು ಕಡೆ ಇಟ್ಟುಕೊಂಡು, ಗೋಡೆಗೆ ಕೋಷ್ಟಕದ ಹಾಳೆ ಅಂಟಿಸಿಕೊಂಡು ವ್ಯಾಪಾರ ಮಾಡಿದವರು. ಒಂದು ತಲೆಮಾರಿನ ಓದು ಬರಹ ಇಲ್ಲದ ಜನ ಕೂಡ ಅದನ್ನು ಕಲಿತರು. ಈಗ ಮತ್ತೆ ಹಿಂದಕ್ಕೆ ಹೋಗಿ ಅನ್ನುವುದು ಅವರ ಆ ಶ್ರಮಕ್ಕೆ ಮಾಡುವ ಅವಮಾನ.

ಹಾಗಾದರೆ ಪಾವು, ಅಚ್ಚೇರು, ಚಟಾಕು ಎಲ್ಲ ಸುಮ್ನೆ ಬಿಸಾಕಬೇಕಾ? ಖಂಡಿತ ಬೇಡ. ಮೂರು ಪಾವು ಅಕ್ಕಿಗೆ ಒಂದು ಪಾವು ಉದ್ದು ಅಂತ ದೋಸೆಗೆ ನೆನೆ ಹಾಕುವ ತಾಯಿಗೆ ಪಾವು ಎಷ್ಟು ಗ್ರಾಂ ಅನ್ನುವುದು ಬೇಕೇ ಇಲ್ಲ. ಅಲ್ಲಿ ಬೇಕಾಗಿರುವುದು ಮೂರಕ್ಕೆ ಒಂದು ಅನ್ನುವ ಲೆಕ್ಕ, ಪಾತ್ರೆ ಯಾವುದಾದರೂ ದೋಸೆ ಸರಿಯಾಗೇ ಬರುತ್ತದೆ. ಅಡುಗೆಮನೆಯಲ್ಲಿ ಅಳೆಯುವವರೂ ಅವರೇ, ಉಣ್ಣುವವರೂ ಅವರೇ. ಅಂಗಡಿಯಲ್ಲಿ ಹಾಗಲ್ಲ. ಅಳೆಯುವವನು ನಾನು, ದುಡ್ಡು ಕೊಡುವವರು ಅವರು. ಅಳತೆಯ ಪಾತ್ರೆ ನನ್ನದೇ ಆಗಿ, ಅದರ ಗಾತ್ರ ನನಗೊಬ್ಬನಿಗೇ ಗೊತ್ತಿದ್ದರೆ ಅದು ವ್ಯಾಪಾರ ಅಲ್ಲ.

ಈಗ ಕಡಲೆಕಾಯಿ ಪರಿಷೆಯ ವಿಷಯಕ್ಕೆ ಬರುತ್ತೇನೆ. ಬೆಂಗಳೂರಿನ ಬಸವನಗುಡಿಯಲ್ಲಿ ಕಾರ್ತಿಕ ಮಾಸದ ಕೊನೆಯ ಸೋಮವಾರ ನಡೆಯುವ ಪರಿಷೆಗೆ ನಾನು ಚಿಕ್ಕಂದಿನಿಂದ ಹೋಗಿದ್ದೇನೆ, ಅಲ್ಲಿನ ಕಡಲೆಕಾಯಿ ಅಂದರೆ ನನಗೂ ಪ್ರಾಣ. ಅಲ್ಲಿ ವ್ಯಾಪಾರ ಬಹುಪಾಲು ಸೇರಿನಲ್ಲೇ. ಒಂದು ರಾಶಿಯ ಮೇಲಿರುವ ಸೇರಿಗೂ ಪಕ್ಕದ ರಾಶಿಯ ಸೇರಿಗೂ ಗಾತ್ರ ಬೇರೆ. ಒಂದು ತಗಡಿನ ಡಬ್ಬ, ಒಂದು ಪ್ಲಾಸ್ಟಿಕ್ ಮಗ್ಗು, ಇನ್ನೊಂದು ನಿಜವಾದ ಅಳತೆ. ಡಬ್ಬದ ತಳ ಒಳಕ್ಕೆ ತಟ್ಟಿದ್ದರೆ ಹೊರಗಿನಿಂದ ಗೊತ್ತೇ ಆಗುವುದಿಲ್ಲ. ಒಬ್ಬರು ಗೋಪುರ ಕಟ್ಟಿ ಕೊಡುತ್ತಾರೆ, ಒಬ್ಬರು ಅಂಗೈಯಿಂದ ಮೇಲೆ ಸವರಿ ಮಟ್ಟ ಮಾಡಿ ಕೊಡುತ್ತಾರೆ. ಸೇರನ್ನು ರಾಶಿಯೊಳಗೆ ಅದುಮಿ ತುಂಬಿದರೆ ಒಂದು ಲೆಕ್ಕ, ಮೇಲಿಂದ ಕೈಯಲ್ಲಿ ಉದುರಿಸಿ ತುಂಬಿದರೆ ಇನ್ನೊಂದು ಲೆಕ್ಕ, ಕಾಯಿಗಳು ಅಡ್ಡಡ್ಡ ಕೂತು ನಡುವೆ ಬರೀ ಗಾಳಿ. ಸೇರಿಗೆ ಹತ್ತು ರೂಪಾಯಿ ಕಮ್ಮಿ ಅಂತ ನಾವು ಆ ಕಡೆ ಓಡುತ್ತೇವೆ, ಅಲ್ಲಿ ಸೇರೇ ಚಿಕ್ಕದು.

ಆದರೂ ಒಂದು ಮಾತು ಸೇರಿನ ಪರವಾಗಿ ಹೇಳಲೇಬೇಕು, ಇದನ್ನು ಹೆಚ್ಚು ಜನ ಯೋಚಿಸುವುದಿಲ್ಲ. ಪರಿಷೆಗೆ ಬರುವ ಹಸಿ ಕಡಲೆಕಾಯಿಯಲ್ಲಿ ನೀರಿನ ಅಂಶ ಇರುತ್ತದೆ. ಅದನ್ನು ಕೆಜಿ ಲೆಕ್ಕದಲ್ಲಿ ಮಾರಿದರೆ, ಮೇಲೊಂದಿಷ್ಟು ನೀರು ಚಿಮುಕಿಸಿದವನಿಗೆ ಲಾಭ. ಸೇರಿನಲ್ಲಿ ಅಳೆದರೆ ನೀರು ಹೊಡೆದರೂ ಗಾತ್ರ ಜಾಸ್ತಿಯಾಗುವುದಿಲ್ಲ. ಕಡಲೆಪುರಿಯೂ ಹಾಗೆಯೇ. ಲೀಟರ್ ಅಳತೆಯಲ್ಲಿ ತುಂಬಿದರೆ ಅಕ್ಕಿ 800 ಗ್ರಾಂ ಮೇಲೆ ತೂಗುತ್ತದೆ, ಅದೇ ಅಳತೆಯ ಪುರಿ ನೂರು ಗ್ರಾಂ ಆಸುಪಾಸು. ಮಳೆಗಾಲದಲ್ಲಿ ಮೆತ್ತಗಾದ ಪುರಿ ಗರಿ ಪುರಿಗಿಂತ ತೂಕ ಬರುತ್ತದೆ, ಅಂದರೆ ತೂಗಿ ಮಾರಿದರೆ ಕೆಟ್ಟ ಮಾಲಿಗೇ ಜಾಸ್ತಿ ದುಡ್ಡು! ಹಾಗಾಗಿ ಇಂಥ ಸಾಮಾನನ್ನು ಪಾತ್ರೆಯಲ್ಲಿ ಅಳೆಯುವುದರಲ್ಲಿ ನಮ್ಮ ಹಿರಿಯರ ಬುದ್ಧಿವಂತಿಕೆ ಇದೆ. ಆ ಪಾತ್ರೆ ಯಾರದೋ ಮನೆಯ ಡಬ್ಬ ಆಗಬಾರದು ಅಷ್ಟೇ. ಕಾನೂನು ಮಾಪನಶಾಸ್ತ್ರ ಇಲಾಖೆಯವರು ಅಳತೆ ಸರಿ ಇದೆ ಅಂತ ನೋಡಿ ಮುದ್ರೆ ಹಾಕಿದ ಒಂದು ಲೀಟರ್, ಅರ್ಧ ಲೀಟರ್ ಅಳತೆ ಇಟ್ಟುಕೊಳ್ಳಲಿ, ಬಾಯಲ್ಲಿ ಸೇರು ಅಂತಲೇ ಕರೆಯಲಿ, ಯಾರಿಗೂ ತೊಂದರೆ ಇಲ್ಲ.

ಹೂವಿನ ಕಥೆ ಇನ್ನೂ ಸೂಕ್ಷ್ಮ. ಮೊಳ ಅಂದರೆ ಮೊಣಕೈಯಿಂದ ಬೆರಳ ತುದಿ, ಮಾರು ಅಂದರೆ ಚಾಚಿದ ಎರಡು ಕೈಗಳ ಉದ್ದ. ಯಾರ ಕೈ? ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಮಾರುಕಟ್ಟೆಯಲ್ಲಿ ಸುಮ್ನೆ ನಿಂತು ನೋಡಿ. ಮಾಲೆಯ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಮೊಣಕೈಗೆ ಒಯ್ಯುವಾಗ ಮೊಣಕೈ ಸ್ವಲ್ಪ ಮಡಚಿದರೆ ನಾಲ್ಕು ಬೆರಳು ಕಮ್ಮಿ. ದಾರ ಎಳೆದು ಹಿಡಿದರೆ ಹೂವು ಬಿಡಿ ಬಿಡಿ, ಸಡಿಲ ಬಿಟ್ಟರೆ ಒತ್ತು. ಉದ್ದ ಸರಿ ಇದ್ದರೂ ಕಟ್ಟು ವಿರಳವಾಗಿದ್ದರೆ ಕೊಟ್ಟ ದುಡ್ಡಿಗೆ ಬಂದಿದ್ದು ಬರೀ ದಾರ. 'ನಿಮ್ ಕೈ ಚಿಕ್ಕದು, ನನ್ ಕೈಲಿ ಅಳೀರಿ' ಅಂತ ಜಗಳ ಕಾಯುವ ಹೆಂಗಸರನ್ನು ಎಲ್ಲರೂ ನೋಡಿರುತ್ತೀರಿ. ಜಗಳದಲ್ಲಿ ಮಾರುವ ಅಮ್ಮನ ತಪ್ಪೂ ಇಲ್ಲ, ಕೊಳ್ಳುವವರ ತಪ್ಪೂ ಇಲ್ಲ. ಮಧ್ಯೆ ಒಂದು ಅಳತೆಗೋಲು ಇಲ್ಲ ಅನ್ನುವುದೇ ತಪ್ಪು.

ಇದಕ್ಕೆ ಉತ್ತರ ನಮ್ಮ ಕರಾವಳಿಯಲ್ಲೇ ಇದೆ. ಉಡುಪಿ ಕಡೆಯ ಶಂಕರಪುರ ಮಲ್ಲಿಗೆಯನ್ನು ಚೆಂಡು, ಅಟ್ಟೆ ಲೆಕ್ಕದಲ್ಲಿ ಮಾರುತ್ತಾರೆ. ಒಂದು ಚೆಂಡಿಗೆ 800 ಹೂವು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ದಿನದ ದರ ದಿನಾ ಗೊತ್ತಾಗುತ್ತದೆ, ಬೆಳೆಯುವವರಿಗೂ ಗೊತ್ತು, ಕೊಳ್ಳುವವರಿಗೂ ಗೊತ್ತು. ಹಳೆಯ ಹೆಸರೇ, ಊರಿನ ಅಳತೆಯೇ, ಆದರೆ ಅದರ ಕೆಳಗೆ ಎಣಿಸಬಹುದಾದ ಲೆಕ್ಕ ಇದೆ. ಅನುಮಾನ ಬಂದರೆ ಮನೆಯಲ್ಲಿ ಕೂತು ಎಣಿಸಬಹುದು. ಮೊಳಕ್ಕೂ ಇಂಥದ್ದೊಂದು ಯಾಕೆ ಬೇಡ? ನಮ್ಮ ಮಾರುಕಟ್ಟೆಗಳಲ್ಲಿ ಹೂವಿನ ಕಟ್ಟೆಯ ಅಂಚಿಗೆ ಅರ್ಧ ಮೀಟರಿಗೊಂದು ಗುರುತು ಹಾಕಿಸಲಿ. ಮೊಳಕ್ಕೂ ಅರ್ಧ ಮೀಟರಿಗೂ ಹೆಚ್ಚು ದೂರ ಇಲ್ಲ. ನಗರಪಾಲಿಕೆಗೆ ಅದೊಂದು ಬಣ್ಣದ ಡಬ್ಬದ ಖರ್ಚು. ಬಟ್ಟೆ ಅಂಗಡಿಯವರು ಮೀಟರ್ ಕಡ್ಡಿ ಹಿಡಿದು ಇಷ್ಟು ವರ್ಷ ಆಯಿತಲ್ಲ, ಯಾರ ಸಂಸ್ಕೃತಿಯೂ ಹಾಳಾಗಿಲ್ಲ.

ಊರ ಮಧ್ಯೆ ಎಲ್ಲರಿಗೂ ಕಾಣುವಂತೆ ಅಳತೆ ನಿಲ್ಲಿಸುವುದು ಹೊರಗಿನಿಂದ ಬಂದ ವಿಚಾರವೂ ಅಲ್ಲ. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವಿಯಲ್ಲಿ ಗಂಡಭೇರುಂಡದ ಕಂಬ ಇದೆಯಲ್ಲ, ಅದೇ ಹೆಸರಿನ 'ಭೇರುಂಡ ಗಳೆ' ಅನ್ನುವ ಅಳತೆಗೋಲಿನ ಮಾತು ಅಲ್ಲಿನ ಶಾಸನಗಳಲ್ಲಿ ಬರುತ್ತದೆ. ಭೂಮಿ ದಾನ ಕೊಡುವಾಗ ಯಾವ ಗಳೆಯಲ್ಲಿ ಅಳೆದದ್ದು ಅಂತ ಕಲ್ಲಿನಲ್ಲಿ ಬರೆಸಿಡುತ್ತಿದ್ದರು, ನಾಳೆ ತಕರಾರು ಬರಬಾರದು ಅಂತ. ಪರಂಪರೆ ಪರಂಪರೆ ಅನ್ನುವವರು ಇದನ್ನೂ ಪರಂಪರೆ ಅಂತ ಲೆಕ್ಕಕ್ಕೆ ತಗೊಳ್ಳಬೇಕು.

ಚಿನ್ನದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಹಳೆಯ ತೊಲ 11.66 ಗ್ರಾಂ. ಈಗ ಬಾಯಿಮಾತಿನಲ್ಲಿ ತೊಲ ಅಂದರೆ ಹತ್ತು ಗ್ರಾಂ ಅಂತ ನಡೆಯುತ್ತಿದೆ. ಕರಾವಳಿಯಲ್ಲಿ ಪವನ್ ಅಂದರೆ 8 ಗ್ರಾಂ. ಅಜ್ಜಿ 'ಐದು ತೊಲದ ಸರ' ಅಂತ ಹೇಳಿ ಮೊಮ್ಮಗಳಿಗೆ ಕೊಟ್ಟರೆ ಅದು 58 ಗ್ರಾಮೋ 50 ಗ್ರಾಮೋ? ಈಗಿನ ಚಿನ್ನದ ಬೆಲೆಗೆ ಎಂಟು ಗ್ರಾಂ ಅಂದರೆ ಸಣ್ಣ ಮಾತಲ್ಲ. ಪಾಲು ಮಾಡುವಾಗ ಅಣ್ಣ ತಮ್ಮಂದಿರ ಮನೆಯಲ್ಲಿ ಮನಸ್ತಾಪ ಆಗಲು ಇಷ್ಟು ಸಾಕು.

ಹಾರ್ಡ್‌ವೇರ್ ಅಂಗಡಿಯಲ್ಲಂತೂ ಎರಡೂ ಒಂದೇ ಹಲಗೆಯ ಮೇಲಿವೆ. ಪ್ಲೈವುಡ್ ಎಂಟು ಅಡಿಗೆ ನಾಲ್ಕು ಅಡಿ, ದಪ್ಪ ಮಾತ್ರ 18 ಮಿಲಿಮೀಟರ್. ಕಬ್ಬಿಣದ ಸರಳು 12 ಮಿಲಿಮೀಟರ್, ಉದ್ದ ಕೇಳಿದರೆ ನಲವತ್ತು ಅಡಿ. ಅಲ್ಲಿ ಬಡಗಿಗೂ ಮೇಸ್ತ್ರಿಗೂ ಎರಡು ಲೆಕ್ಕವೂ ಕರತಲಾಮಲಕ, ತಾವೇ ಟೇಪು ಹಿಡಿದು ಅಳೆದುಕೊಳ್ಳುತ್ತಾರೆ, ಆದ್ದರಿಂದ ದೊಡ್ಡ ತೊಂದರೆ ಕಾಣೆ. ತೊಂದರೆ ಇರುವುದು ಕೊಳ್ಳುವವರ ಕೈಯಲ್ಲಿ ಟೇಪು ಇಲ್ಲದ ಕಡೆ.

ಇಷ್ಟು ಹೇಳಿದ ಮೇಲೆ ಕೆಜಿ ಬಂದರೆ ಮೋಸ ಹೋಯಿತು ಅಂತ ಯಾರೂ ತಿಳಿಯಬಾರದು. ನಮ್ಮ ವ್ಯಾಪಾರದ ಒಳಗಿನ ಮಾತು ಹೇಳುತ್ತೇನೆ. ಅಕ್ಕಿ ಮೂಟೆ ಅಂದರೆ 25 ಕೆಜಿ ಅಂತ ಎಲ್ಲರ ತಲೆಯಲ್ಲೂ ಕೂತಿತ್ತು. 2022ರ ಜುಲೈನಲ್ಲಿ 25 ಕೆಜಿವರೆಗಿನ ಲೇಬಲ್ ಹಾಕಿದ ಚೀಲಕ್ಕೆ ಶೇ 5ರ ಜಿಎಸ್‌ಟಿ ಬಂದ ಮೇಲೆ 26 ಕೆಜಿ ಚೀಲಗಳು ಬಂದವು. ಈಗಲೂ ಎಷ್ಟೋ ಜನ ಎರಡು ಅಂಗಡಿಯ 'ಮೂಟೆ ರೇಟು' ಹೋಲಿಸುತ್ತಾರೆ, ಒಂದು 25, ಒಂದು 26 ಅಂತ ನೋಡುವುದೇ ಇಲ್ಲ. ಅಡುಗೆ ಎಣ್ಣೆ ಒಂದು ಲೀಟರ್ ಅಂದರೆ ಸುಮಾರು 910 ಗ್ರಾಂ. ಗಾಣದ ಎಣ್ಣೆ ಕೊಳ್ಳುವಾಗ ಒಂದು ಕಡೆ ಕೆಜಿ ರೇಟು, ಇನ್ನೊಂದು ಕಡೆ ಲೀಟರ್ ರೇಟು. ಎರಡೂ ಒಂದೇ ಅಂದುಕೊಂಡರೆ ಶೇ 9ರಷ್ಟು ಲೆಕ್ಕ ತಪ್ಪುತ್ತದೆ. ಸ್ವೀಟ್ ಅಂಗಡಿಯಲ್ಲಿ ರಟ್ಟಿನ ಡಬ್ಬಿ ಸಮೇತ ತೂಗುವುದು ಇನ್ನೂ ನಿಂತಿಲ್ಲ. ಡಬ್ಬಿಯ ತೂಕ ಕಳೆದೇ ಮಾರಬೇಕು ಅಂತ ನಿಯಮ ಇದೆ, ಆದರೆ ಮೈಸೂರುಪಾಕಿನ ರೇಟಿನಲ್ಲಿ ರಟ್ಟು ಕೊಂಡು ಬರುವುದು ಇವತ್ತಿಗೂ ನಡೆಯುತ್ತಿದೆ. ಡಬ್ಬಿಯನ್ನು ಮೊದಲು ಖಾಲಿ ಇಟ್ಟು, ಸೊನ್ನೆ ಮಾಡಿ, ಆಮೇಲೆ ತುಂಬಿ ಅಂತ ಕೇಳಲು ನಾಚಿಕೆ ಬೇಡ. ಕೇಳಿದರೆ ಒಳ್ಳೆಯ ವ್ಯಾಪಾರಿ ಬೇಜಾರು ಮಾಡಿಕೊಳ್ಳುವುದಿಲ್ಲ.

ಆದರೆ ಕೆಜಿ ಲೀಟರಿನಲ್ಲಿ ಆಗುವ ಇಂಥ ಆಟವನ್ನು ಹಿಡಿಯಬಹುದು, ಅದೇ ವ್ಯತ್ಯಾಸ. 2024ರ ಜೂನ್‌ನಲ್ಲಿ ನಂದಿನಿ ಪ್ಯಾಕೆಟ್ಟಿಗೆ 50 ಮಿಲಿಲೀಟರ್ ಹಾಲು ಸೇರಿಸಿ ಎರಡು ರೂಪಾಯಿ ಹೆಚ್ಚಿಸಿದರು, 2025ರ ಏಪ್ರಿಲ್‌ನಲ್ಲಿ ಆ 50 ಮಿಲಿ ತೆಗೆದು ಲೀಟರಿಗೆ ನಾಲ್ಕು ರೂಪಾಯಿ ಏರಿಸಿದರು. ಆ ಏರಿಕೆ ಸರಿಯೋ ತಪ್ಪೋ ಅನ್ನುವುದು ಬೇರೆ ಚರ್ಚೆ, ರೈತರಿಗೆ ಹೋಗುವ ದುಡ್ಡಿನ ಪ್ರಶ್ನೆಯೂ ಅದರಲ್ಲಿದೆ. ಆದರೆ ಪ್ಯಾಕೆಟ್ ಮೇಲೆ ಮಿಲಿಲೀಟರ್ ಬರೆದಿದ್ದರಿಂದ ರಾಜ್ಯದ ಪ್ರತಿ ಮನೆಯಲ್ಲೂ ಜನ ಲೆಕ್ಕ ಹಾಕಿ ಜೋರಾಗಿ ಮಾತಾಡಿದರು. ಹಾಲು 'ಪಾವು' ಲೆಕ್ಕದಲ್ಲಿ ಬರುತ್ತಿದ್ದರೆ ಪಾವು ಎಷ್ಟು ಕುಗ್ಗಿತು ಅಂತ ಯಾರು ಹೇಳುತ್ತಿದ್ದರು? ಪೊಟ್ಟಣಗಳ ಮೇಲೆ ಈಗ ಗ್ರಾಂಗೆ ಇಷ್ಟು, ಕೆಜಿಗೆ ಇಷ್ಟು ಅಂತ ಬಿಡಿ ದರ ಅಚ್ಚು ಹಾಕಬೇಕು ಅನ್ನುವ ನಿಯಮವೂ ಬಂದಿದೆ. ಒಳ್ಳೆಯ ನಿಯಮ. ಅಕ್ಷರ ಮಾತ್ರ ಭೂತಗನ್ನಡಿ ಹಿಡಿದರೂ ಕಾಣದಷ್ಟು ಸಣ್ಣದು, ಕನ್ನಡದಲ್ಲಂತೂ ಇರುವುದೇ ಇಲ್ಲ, ಹಿಂದಿ ಅಥವಾ ಇಂಗ್ಲಿಷ್‌ನಲ್ಲಿದ್ದರೆ ಸಾಕು ಅಂತ ನಿಯಮದಲ್ಲೇ ಇದೆ. ಕನ್ನಡ ಮಾತ್ರ ಓದುವ ಗಿರಾಕಿ ಏನು ಮಾಡಬೇಕು? ಅಳತೆ ಒಂದೇ ಮಾಡಿದ್ದು ಎಲ್ಲರಿಗೂ ಅರ್ಥ ಆಗಲಿ ಅಂತ ಅಲ್ವಾ?

ನಮಗೆ ಅಡಿ, ಇಂಚು, ಪೌಂಡು ಬಿಟ್ಟುಹೋದ ಬ್ರಿಟನ್‌ನಲ್ಲೂ ಇದೇ ಚರ್ಚೆ ನಡೆಯಿತು. ಅಂಗಡಿಗಳಲ್ಲಿ ಹಳೆಯ ಪೌಂಡು, ಔನ್ಸಿಗೆ ಹೆಚ್ಚು ಜಾಗ ಕೊಡೋಣವಾ ಅಂತ 2022ರಲ್ಲಿ ಅಲ್ಲಿನ ಸರ್ಕಾರ ಜನರನ್ನು ಕೇಳಿತು. ಒಂದು ಲಕ್ಷಕ್ಕೂ ಹೆಚ್ಚು ಉತ್ತರ ಬಂದವು. ಶೇ 98.7ರಷ್ಟು ಜನ ಮೆಟ್ರಿಕ್ ಈಗಿರುವಂತೆ ಮುಖ್ಯ ಅಳತೆಯಾಗಿಯೇ ಇರಲಿ ಅಥವಾ ಅದೊಂದೇ ಇರಲಿ ಅಂದರು. ಹಳೆಯದರ ಮೇಲೆ ಪ್ರೀತಿ ಇರುವುದು ಬೇರೆ, ಅದರಲ್ಲಿ ಲೆಕ್ಕ ಮಾಡುವುದು ಬೇರೆ ಅಂತ ಅಲ್ಲಿನ ಜನರಿಗೂ ಗೊತ್ತಾಗಿದೆ.

ಇನ್ನು ಆಗಬೇಕಾದ್ದು ಏನು ಅಂದರೆ, ಜಾತ್ರೆ, ಪರಿಷೆ, ಹಬ್ಬದ ಸಂತೆಗಳಿಗೆ ಇಲಾಖೆಯವರು ಮುದ್ರೆ ಹಾಕಿದ ಲೀಟರ್ ಅಳತೆಗಳನ್ನು ತಂದು ಒಂದು ದಿನದ ಬಾಡಿಗೆಗಾದರೂ ಕೊಡಲಿ. ಹಳ್ಳಿಯಿಂದ ಮೂಟೆ ಹೊತ್ತು ಬರುವ ರೈತ ವರ್ಷಕ್ಕೊಂದು ದಿನದ ವ್ಯಾಪಾರಕ್ಕೆ ಅಳತೆ ಕೊಂಡು ಮುದ್ರೆ ಹಾಕಿಸಿಕೊಂಡು ಬಾ ಅಂದರೆ ಆಗುವ ಮಾತಲ್ಲ. ನಮ್ಮ ಎಲೆಕ್ಟ್ರಾನಿಕ್ ತಕ್ಕಡಿಗಳಿಗೆ ವರ್ಷಕ್ಕೊಮ್ಮೆ ಮುದ್ರೆ ಆಗಬೇಕು, ನಾವು ಫೀಸು ಕಟ್ಟಿ ಮಾಡಿಸುತ್ತೇವೆ, ಆ ಫೀಸಿನಲ್ಲೇ ಪ್ರತಿ ಮಾರುಕಟ್ಟೆ ಬಾಗಿಲಲ್ಲಿ ಸಾರ್ವಜನಿಕರಿಗೆ ಒಂದು ತಕ್ಕಡಿ ಇಡಬಹುದು. ಕೊಂಡಿದ್ದನ್ನು ಅಲ್ಲೇ ಇಟ್ಟು ನೋಡಲಿ. ಕಮ್ಮಿ ಇದ್ದರೆ ವಾಪಸ್ ಹೋಗಿ ಕೇಳಲಿ. ಸರಿಯಾಗಿ ತೂಗುವ ನಮ್ಮಂಥವರಿಗೆ ಇದರಿಂದ ಲಾಭವೇ, ಯಾಕೆಂದರೆ ಚಿಕ್ಕ ಸೇರಿಟ್ಟುಕೊಂಡು ರೇಟು ಇಳಿಸುವವರ ಮುಂದೆ ನಾವು ದುಬಾರಿ ಅಂಗಡಿಯವರಾಗಿ ಕಾಣುತ್ತಿದ್ದೇವೆ. ತಕ್ಕಡಿಯ ಅಂಕಿ ಗಿರಾಕಿ ಕಡೆಗೂ ಕಾಣುವಂತಿರಬೇಕು, ದರದ ಬೋರ್ಡ್‌ನಲ್ಲಿ 'ಕಿ.ಗ್ರಾಂ', 'ಲೀ.' ಅಂತ ಕನ್ನಡದಲ್ಲಿ ಬರೆದಿರಬೇಕು.

ಕೊನೆಯದಾಗಿ ನಿಮ್ಮಲ್ಲೇ ಒಂದು ಕೋರಿಕೆ. ಪ್ರತಿ ಹಬ್ಬಕ್ಕೂ ಪತ್ರಿಕೆಗಳಲ್ಲಿ ಮಾರುಕಟ್ಟೆ ದರ ಬರುತ್ತದೆ, ಸೇವಂತಿಗೆ ಮಾರಿಗೆ ಇಷ್ಟು, ಕಡಲೆಕಾಯಿ ಸೇರಿಗೆ ಇಷ್ಟು ಅಂತ. ಅದನ್ನು ಓದಿಯೇ ಜನ ಚೌಕಾಸಿ ಮಾಡುತ್ತಾರೆ. ಮುಂದಿನ ಹಬ್ಬದಿಂದ ನಿಮ್ಮ ವರದಿಗಾರರು ಒಂದು ಟೇಪು, ಒಂದು ಚಿಕ್ಕ ತಕ್ಕಡಿ ಹಿಡಿದು ಹೋಗಿ, ಆ ಮಾರು ಎಷ್ಟು ಮೀಟರ್ ಬಂತು, ಆ ಸೇರು ಎಷ್ಟು ಗ್ರಾಂ ತೂಗಿತು ಅಂತ ದರದ ಪಕ್ಕದಲ್ಲೇ ಅಚ್ಚು ಹಾಕಿಸಿ.

ಇಂತಿ,
ದಿನಸಿ ಅಂಗಡಿಯ ವ್ಯಾಪಾರಿ, ಮೈಸೂರು